ಅಳಿಸೋಕೆ ಹೋಗಿ ನಗಿಸಿದ್ದು

ನನ್ನ ಮಗಳು ಗಂಡನ ಹೆಣದ ಮುಂದೆ ನಕ್ಕಳು. ಅದಕ್ಕೆ ಅವಳ ಮನೆ ಹೋಯಿತು. ನಡೆದದ್ದು ಇಷ್ಟೇ. ಗಂಡ ಸತ್ತದ್ದು ಅವಳಿಗೆ ಖುಷಿಯಾಗಿತ್ತು, ಮೊದಲಿಂದಲೂ ಬುದ್ಧಿ ನೆಟ್ಟಗಿರಲಿಲ್ಲ, ಯಾರೋ ಮಾಟ ಮಾಡಿಸಿದ್ದರು ಅಂತ ಆಮೇಲೆ ಹೇಳಿಕೊಂಡು ತಿರುಗಿದ್ದೆಲ್ಲ ಜನ ಬಿಡುವಾಗಿದ್ದಾಗ ಸೇರಿಸಿದ್ದು.

ನಾನು ಕಾಮಗೆರೆಯವಳು. ಹಿತ್ತಲಲ್ಲಿ ದುಂಡುಮಲ್ಲಿಗೆ ಗಿಡ ಇಟ್ಟಿದ್ದೀನಿ. ಹೊತ್ತಾರೆ ಮೊಗ್ಗು ಬಿಡಿಸಿ, ಬಾಳೆನಾರಲ್ಲಿ ಕಟ್ಟಿ, ಹನೂರು ಬಸ್ಸು ಬರೋ ಹೊತ್ತಿಗೆ ರಸ್ತೆಗೆ ಹೋಗಿ ಮೊಳ ಹಾಕಿ ಮಾರ್ತೀನಿ. ದೇವರ ದರ್ಶನಕ್ಕೆ ಬೆಟ್ಟಕ್ಕೆ ಹೋಗೋ ಹೆಂಗಸರು ಬಸ್ಸಿನ ಕಿಟಕಿಯಿಂದಲೇ ಕೈ ಚಾಚಿ ತಗೋತಾರೆ. ಇದು ಹೊಟ್ಟೆಪಾಡು. ಇನ್ನೊಂದು ಕೆಲಸವೂ ನನ್ನ ತಲೆಗೆ ಬಂದಿತ್ತು. ಅದು ಸಾವಿನ ಮನೆಯಲ್ಲಿ ಅಳಿಸೋದು.

ನಮ್ಮ ಕಡೆ ಸಾವಾದರೆ ಬಂದ ಹೆಂಗಸರು ಸುಮ್ಮನೆ ಮೂಲೆಯಲ್ಲಿ ಕೂರಂಗಿಲ್ಲ. ಸತ್ತವನ ಹೆಂಡತಿಯನ್ನೋ ತಾಯಿಯನ್ನೋ ಕುತ್ತಿಗೆ ತಬ್ಬಿಕೊಂಡು, ಸತ್ತವನ ಗುಣ ಒಂದೊಂದಾಗಿ ಎತ್ತಿ, ರಾಗ ಎಳೆದು ಹೇಳಿಕೊಂಡು ಅಳಬೇಕು. ಕೆಟ್ಟವನಾಗಿದ್ದರೂ ಒಳ್ಳೇದನ್ನೇ ಹೇಳಬೇಕು. ಅದನ್ನು ಸುಳ್ಳು ಅಂತ ಯಾರೂ ಅನ್ನೋದಿಲ್ಲ. ಆದರೆ ಕೆಲವರಿಗೆ ಅಳು ಒಳಗೇ ಕಟ್ಟಿಕೊಂಡು ಕೂತುಬಿಡ್ತದೆ. ಕಣ್ಣು ಪಿಳುಕಿಸದೆ ಗೋಡೆ ನೋಡ್ತಾರೆ. ಅಂಥವರನ್ನ ಅಳಿಸದೆ ಹೆಣ ಎತ್ತಿದರೆ ಅಳು ನೆತ್ತಿಗೇರ್ತದೆ, ಆಮೇಲೆ ಆ ಮನುಷ್ಯ ಮನುಷ್ಯನಾಗಿ ಉಳಿಯೋದಿಲ್ಲ ಅಂತ ಹಿರೀಕರು ಹೇಳ್ತಿದ್ದರು. ಅಂಥ ಹೊತ್ತಲ್ಲಿ ನನಗೆ ಕರೆ ಬರ್ತಿತ್ತು. ಶಾಗ್ಯದಿಂದ ಬಂದಿದೆ, ಹನೂರಿಂದ ಬಂದಿದೆ. "ಊವಿನಜ್ಜಿನ ಕರ್ಕಬನ್ನಿ" ಅನ್ನೋರು.

ನನ್ನ ಕಣ್ಣಲ್ಲಿ ಅಷ್ಟಾಗಿ ನೀರು ಬರಲ್ಲ. ಬರಲೇಬೇಕು ಅಂತಲೂ ಇಲ್ಲ. ಅಡುಗೆ ಮಾಡೋಳಿಗೆ ಹಸಿವಾಗಿರಬೇಕಾ? ಎಲ್ಲಿ ಮುಟ್ಟಿದರೆ ಕಟ್ಟೆ ಒಡೀತದೆ ಅನ್ನೋದು ಗೊತ್ತಿದ್ದರೆ ಸಾಕು. ಮಗ ಸತ್ತ ತಾಯಿಗೆ ಅವನು ಉಂಡ ತಟ್ಟೆ. ಬೇಸಾಯಗಾರನ ಹೆಂಡತಿಗೆ ಕೊಟ್ಟಿಗೆಯ ಎತ್ತು. ಗಂಡ ಸತ್ತವಳಿಗೆ ನನ್ನ ಹತ್ತಿರ ಒಂದು ಸಾಲಿತ್ತು. "ಸಂತೆಯಿಂದ ಬರೋವಾಗ ಪಂಚೆ ಸೆರಗಲ್ಲಿ ಮಲ್ಲಿಗೆ ಕಟ್ಕಂಡು ಬತ್ತಿದ್ಯಲ್ಲೋ ನನ್ನಪ್ಪಾ, ಇನ್ಯಾರೋ ತತ್ತಾರೆ ಇವಳ್ಗೆ ಊವಾ..." ಈ ಸಾಲು ಎಂದೂ ಕೈ ಕೊಟ್ಟಿರಲಿಲ್ಲ. ಗಂಡ ತಂದಿದ್ದರೆ ಅದನ್ನು ನೆನೆದು ಅಳ್ತಾರೆ. ತಂದಿರದಿದ್ದರೆ ತರಲೇ ಇಲ್ಲವಲ್ಲ ಅಂತ ಅಳ್ತಾರೆ. ದಿನಾ ಹೂವು ಮುಟ್ಟೋಳು ನಾನು, ನನಗೆ ಬೇರೆ ಏನು ತೋಚಬೇಕು.

ಮಗಳನ್ನು ಯಳಂದೂರು ಕಡೆ ಕೊಟ್ಟಿದ್ದೆ. ಅಳಿಯ ಗೂಡ್ಸ್ ಆಟೋ ಓಡಿಸ್ತಿದ್ದ. ಹಳ್ಳಿಗಳಿಂದ ರೇಷ್ಮೆಗೂಡು ತುಂಬಿಕೊಂಡು ಕೊಳ್ಳೇಗಾಲದ ಮಾರ್ಕೆಟ್ಟಿಗೆ ಹಾಕಿ ಬರೋದು ಅವನ ಕೆಲಸ. ಮಾತು ಕಮ್ಮಿ. ನಮ್ಮ ಮನೆಗೆ ಬಂದರೆ ಒಳಕ್ಕೆ ಬರದೆ ಹೊರಗೆ ಆಟೋದಲ್ಲೇ ಕೂತಿರೋನು. ಅಹಂಕಾರ ಅಂದುಕೊಂಡಿದ್ದೆ. ಮನೆಯಲ್ಲಿ ಅವನ ತಾಯಿ, ಅಂದರೆ ನನ್ನ ಬೀಗಿತ್ತಿ, ಮತ್ತೆ ಅವನ ಅಣ್ಣನ ಸಂಸಾರ. ಅಣ್ಣ ಯಾವುದೋ ಆಫೀಸಿನಲ್ಲಿ ಗುಮಾಸ್ತ. ನನ್ನ ಮಗಳಿಗೆ ಮಕ್ಕಳಾಗಲಿಲ್ಲ. ಆ ಮನೆಯಲ್ಲಿ ಅವಳದು ಅಂತ ಇದ್ದದ್ದು ರಸ್ತೆ ಕಡೆಯ ಒಂದು ಸಣ್ಣ ಕೋಣೆ, ಕಿಟಕಿ ಪಕ್ಕ ಒಂದು ಹೊಲಿಗೆ ಮಿಷನ್ನು. ಕೇರಿಯ ಹೆಂಗಸರು ಬ್ಲೌಸ್ ಹೊಲಿಸೋಕೆ ಬರೋರು, ಕಿಟಕಿ ಹತ್ತಿರ ನಿಂತು ಒಂದು ಗಂಟೆ ಮಾತಾಡಿ ಹೋಗೋರು. ಅಲ್ಲಿ ಅವಳು ಚೆನ್ನಾಗಿದ್ದಳು. ನಾನೇ ನೋಡಿದ್ದೀನಿ.

ಅಳಿಯ ಮಾರ್ಕೆಟ್ಟಿನಲ್ಲಿ ಗೂಡಿನ ಚೀಲ ಇಳಿಸ್ತಾ ಇದ್ದವನು ಕೂತನಂತೆ, ನೀರು ಕೇಳಿದನಂತೆ. ನೀರು ತರೋಷ್ಟರಲ್ಲಿ ಮುಗಿದಿತ್ತು.

ನನ್ನ ಮಗನ ಮಗಳು ನಮ್ಮೂರ ಆಸ್ಪತ್ರೆಯಲ್ಲಿ ನರ್ಸು. ಡ್ಯೂಟಿ ಬಿಟ್ಟು ಯೂನಿಫಾರಂನಲ್ಲೇ ನನ್ನ ಜೊತೆ ಬಸ್ಸು ಹತ್ತಿದಳು. ನಾವು ಹೋದಾಗ ಹೆಣ ನಡುಮನೆಯಲ್ಲಿತ್ತು. ಅವನ ತಂಗಿ ಕೊಯಮತ್ತೂರಿಂದ ಬರಬೇಕಿತ್ತು, ಅದಕ್ಕೆ ಮಾರನೇ ದಿನದವರೆಗೆ ಇಟ್ಟಿದ್ದರು. ಮಗಳು ಗೋಡೆಗೆ ಒರಗಿ ಕೂತಿದ್ದಳು. ಕೈ ಎರಡೂ ಮಡಿಲಲ್ಲಿ. ನನ್ನ ನೋಡಿ, "ಬಂದ್ಯಾ ಅವ್ವ, ಉಂಡ್ಯಾ?" ಅಂದಳು. ಅಷ್ಟೇ.

ಬೀಗಿತ್ತಿ ನನ್ನ ಕಂಡಿದ್ದೇ ಎದೆ ಬಡಿದುಕೊಂಡಳು. "ನೋಡಕ್ಕಾ ನಿನ್ ಮಗಳ! ಕಲ್ಲಾಗಿ ಕೂತವ್ಳೆ. ಊರೋರ್ನೆಲ್ಲ ಅಳಸ್ತೀಯ, ನಿನ್ ಒಟ್ಟೇಲಿ ಉಟ್ಟೋಳ ಕಣ್ಣಲ್ಲಿ ಒಂದು ತೊಟ್ಟು ನೀರಿಲ್ವಲ್ಲಾ!"

ಸುತ್ತ ಕೂತಿದ್ದ ಹೆಂಗಸರು ಅಳು ನಿಲ್ಲಿಸಿ ನನ್ನನ್ನೇ ನೋಡಿದರು. ಮೊಮ್ಮಗಳು ತನ್ನ ಅತ್ತೆಯ, ಅಂದರೆ ನನ್ನ ಮಗಳ, ಕೈ ಹಿಡಿದು ನಾಡಿ ನೋಡಿದಳು, ಒಂದು ಗುಟುಕು ನೀರು ಕುಡಿಸಿದಳು. ಆಮೇಲೆ ನನ್ನನ್ನು ಹಿತ್ತಲಿಗೆ ಎಳಕೊಂಡು ಹೋದಳು.

"ಅಜ್ಜಿ, ಅತ್ತೆಗೆ ಶಾಕ್ ಆಗದ. ನೀನು ಪ್ರೊವೋಕ್ ಮಾಡ್ಬ್ಯಾಡ."

"ಏನ್ ಮಾಡ್ಬ್ಯಾಡ?"

"ಪ್ರೊವೋಕ್. ಅಂದ್ರ, ಒಳಗ ಮನಗಿರೋದ್ನ ಕೆದಕಿ ಎಬ್ಬಿಸೋದು."

"ಅಳಸಬ್ಯಾಡ ಅನ್ನು, ಅದ್ಯಾಕ ಇಂಗ್ಲೀಸಲ್ಲಿ ಸುತ್ತಿ ಬತ್ತೀಯ?"

"ಅಳಸೋದು ಬ್ಯಾರೆ ಕಣಜ್ಜಿ. ಇದ್ರಲ್ಲಿ ಅಳೂನೂ ಬರ್ಬೌದು, ಕ್ವಾಪಾನೂ ಬರ್ಬೌದು, ನಗಾನೂ ಬರ್ಬೌದು. ಎಲ್ಲಾಕೂ ಅದೊಂದೇ ಪದ."

"ಮೂರಕ್ಕೂ ಒಂದೇ? ಇಂಗ್ಲೀಸ್ನೋರ್ಗೆ ಮಾತಿಗೂ ಬರ ಬಂದಿತ್ತಾ?"

ಅವಳು ನಗಲಿಲ್ಲ. "ನಮ್ ಡಾಕ್ಟ್ರು ದಿನಾ ಅಂತಾರ. ಪೇಷೆಂಟ್ ಕಡೆಯೋರು ಕೂಗಾಡಿದ್ರ ನೀವು ಪ್ರೊವೋಕ್ ಮಾಡ್ಬ್ಯಾಡಿ ಅಂತ. ಬೇಕಂತ್ಲೇ ಮಾಡ್ಬೇಕು ಅಂತಿಲ್ಲ ಅಜ್ಜಿ. ಗೊತ್ತಿಲ್ದಂಗೂ ಆಗೋಯ್ತದ. ಒಂದ್ಸಲ ಎದ್ರ ಏನ್ ಎದ್ದೀತು ಅಂತ ನಮ್ ಕೈಲಿ ಇರಾದಿಲ್ಲ."

ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಆದರೂ ಆ ಹೊತ್ತಲ್ಲಿ ಅವಳ ಮಾತು ಹಿಡಿದುಕೊಂಡು ಯೋಚನೆ ಮಾಡಿದೆ. ನಮ್ಮ ಮಾತಲ್ಲಿ ಅಳಿಸು ಅಂದರೆ ಅಳುವೇ ಬರಬೇಕು. ನಗಿಸು ಅಂದರೆ ನಗು. ರೇಗಿಸು ಅಂದರೆ ಸಿಟ್ಟು. ಏನು ಬರ್ತದೆ ಅಂತ ಮೊದಲೇ ಹೇಳಿ ಕೈ ಹಾಕ್ತೀವಿ. ಕೆಣಕು ಅನ್ನೋದೊಂದಿದೆ, ಅದು ಜಗಳಕ್ಕೆ. ಮೊಮ್ಮಗಳು ಹೇಳಿದ ಮಾತು ಬರೀ ಕೈ ಹಾಕೋದನ್ನ ಮಾತ್ರ ಹೇಳ್ತದೆ, ಕೈಗೆ ಏನು ಸಿಗ್ತದೆ ಅಂತ ಹೇಳೋದಿಲ್ಲ. ಹುತ್ತಕ್ಕೆ ಕೈ ಹಾಕಿದ ಹಾಗೆ. ನನಗೆ ಅದು ಅರೆಬರೆ ಮಾತು ಅನ್ನಿಸಿತು.

"ಸರಿ, ಸುಮ್ಕಿರ್ತೀನಿ," ಅಂದೆ. "ನಾಳೆ ಎಣ ಎತ್ತೋಗಂಟ ಅವ್ಳು ಇಂಗೇ ಕೂತಿದ್ರ ಈ ಮನೇಲಿ ಉಳಿಸ್ಕತಾರಾ? ಅದನ್ನ ಅನ್ನು ಮೊದ್ಲು. ಮಕ್ಕಳಿಲ್ಲ, ಮರಿಯಿಲ್ಲ. ಗಂಡ್ನಿಗೆ ಅಳ್ನಿಲ್ಲ ಅನ್ನೋದೊಂದು ಸಾಕು."

ಅವಳು ಒಳಕ್ಕೆ ಹೋಗಿ ಅತ್ತೆಯ ಪಕ್ಕ ಕೂತಳು.

ಸಂಜೆಗೆ ಅಳಿಯನ ಅಣ್ಣ ನನ್ನ ಪಕ್ಕ ಬಂದು ಕುಕ್ಕರುಗಾಲಲ್ಲಿ ಕೂತ. "ಅತ್ತೆ, ತಂಗಿ ಕೊಯಮತ್ತೂರಿಂದ ಗಂಡನ ಮನೆಯೋರ್ನೆಲ್ಲ ಕಟ್ಕಂಡು ಬತ್ತಾವ್ಳೆ. ಆ ಜನದ ಮುಂದೆ ಇವ್ಳು ಇಂಗೆ ಕೂತ್ರ ನಮ್ ಮರ್ವಾದೆ ಏನಾಗಬೇಕು? ನೀವೇ ಏನಾರ ಮಾಡಿ. ನಿಮ್ಗೆ ಗೊತ್ತಿಲ್ದೇ ಇರೋದಾ."

"ಮಾಡ್ತೀನಿ ಕಣಪ್ಪ," ಅಂದೆ.

ಮಾರನೇ ದಿನ ತಂಗಿ ಬಂದಳು. ಬಾಗಿಲಲ್ಲೇ ಬಿದ್ದು, ಅರ್ಧ ತಮಿಳು ಅರ್ಧ ಕನ್ನಡದಲ್ಲಿ ಅತ್ತಳು. ಅವಳ ಜೊತೆ ಬಂದವರು ದಪ್ಪ ದಪ್ಪ ಮಲ್ಲಿಗೆ ಹಾರ ತಂದಿದ್ದರು. ಮಾರ್ಕೆಟ್ಟಿನ ಆಟೋದವರೂ ತಂದರು. ಅಳಿಯನ ಎದೆ, ಕುತ್ತಿಗೆ ಎಲ್ಲ ಮುಚ್ಚಿ ಹೂವು ಗಲ್ಲದ ತನಕ ಬಂತು. ಹೂವು ಒಳ್ಳೇದಿತ್ತು, ಬಿಗಿಯಾಗಿ ಕಟ್ಟಿದ್ದರು. ಇಂಥ ಹೊತ್ತಲ್ಲೂ ನನ್ನ ಕಣ್ಣು ಅಲ್ಲಿಗೇ ಹೋಯಿತು.

ಹೊರಗೆ ತಮಟೆಯವರು ಶುರು ಮಾಡಿದರು. ಗಂಡಸರು ಬಿದಿರು ಕಟ್ಟಿ ಮುಗಿಸಿದ್ದರು. ಬೀಗಿತ್ತಿ ನನ್ನ ಕಡೆ ನೋಡಿದಳು. ನಾನು ಹೋಗಿ ಮಗಳ ಕುತ್ತಿಗೆ ತಬ್ಬಿದೆ.

ಮೊದಲು ಆಟೋ ಎತ್ತಿದೆ. ಬೀದಿ ತುದಿಯಲ್ಲಿ ಆರನ್ ಹೊಡೀತಿದ್ಯಲ್ಲೋ ನನ್ನಪ್ಪಾ ಅಂದೆ. ಹೆಂಗಸರೆಲ್ಲ ಗೊಳೋ ಅಂದರು. ಇವಳ ಮೈ ಕಟ್ಟಿಗೆ. ಅವನ ಖಾಕಿ ಶರ್ಟು ಎತ್ತಿದೆ, ಅದರ ಗುಂಡಿ ಎತ್ತಿದೆ, ಬಾಗಿಲಲ್ಲಿ ಬಿಟ್ಟ ಚಪ್ಪಲಿ ಎತ್ತಿದೆ. ಏನೂ ಇಲ್ಲ. "ಒತ್ತಾಯ್ತದೆ" ಅಂತ ಹೊರಗಿನಿಂದ ಗಂಡಸರು ಕೂಗಿದರು. ಆಗ ನನ್ನ ಹತ್ತಿರ ಇದ್ದ ಆ ಸಾಲು ತೆಗೆದೆ. ಪಂಚೆ ಸೆರಗಲ್ಲಿ ಮಲ್ಲಿಗೆ ಕಟ್ಕಂಡು ಬತ್ತಿದ್ಯಲ್ಲೋ...

ಅವಳ ಭುಜ ಅಲ್ಲಾಡಿತು. ಬಂತು ಅಂದುಕೊಂಡೆ. ಸುತ್ತಲಿನ ಹೆಂಗಸರೂ "ಬಂತು, ಬಂತು, ಬುಡ್ಬ್ಯಾಡಿ" ಅಂದರು. ಇನ್ನೊಂದು ಸಲ, ಇನ್ನೂ ಎಳೆದು ಹೇಳಿದೆ. ಇನ್ಯಾರೋ ತತ್ತಾರೆ ಇವಳ್ಗೆ ಊವಾ... ಅವಳು ತಲೆಯೆತ್ತಿ ಗಂಡನ ಮುಖ ನೋಡಿದಳು. ನಕ್ಕಳು. ಮುಸಿಮುಸಿ ಅಲ್ಲ. ಬಾಯಿ ಬಿಟ್ಟು, ಸದ್ದು ಮಾಡಿಕೊಂಡು, ಕೂತಲ್ಲೇ ಬಗ್ಗಿ ಬಗ್ಗಿ ನಕ್ಕಳು. ಅತ್ತವರೆಲ್ಲ ಬಾಯಿ ಮುಚ್ಚಿಕೊಂಡರು. ಒಳಗೆ ಏನೋ ಆಯ್ತು ಅಂತ ತಮಟೆಯವರೂ ನಿಲ್ಲಿಸಿಬಿಟ್ಟರು. ಆ ಮನೆಯಲ್ಲಿ ಅವಳ ನಗು ಒಂದೇ ಕೇಳಿಸ್ತಿತ್ತು. ನಾನು ಸೆರಗಿಂದ ಅವಳ ಬಾಯಿ ಒತ್ತಿ ಹಿಡಿದೆ. ಮೊಮ್ಮಗಳೂ ನಾನೂ ಸೇರಿ ಕೋಣೆಗೆ ಎತ್ತಿಕೊಂಡು ಹೋದೆವು. ಹೆಣ ಎತ್ತಿದರು.

ಕೋಣೆಯಲ್ಲಿ ಮಿಷನ್ನಿಗೆ ಒರಗಿ ಕೂತು ಅವಳು ಉಸಿರು ಸುಧಾರಿಸಿಕೊಂಡಳು. "ಅದೇನೇ ನಿಂಗೆ ಬಂದದ್ದು, ದೆವ್ವ?" ಅಂದೆ.

"ಅವ್ವ, ಮಲ್ಲಿಗೆ ಅಂದ್ರ ಅವ್ರಿಗೆ ಸೀನು ಕಣವ್ವ."

"ಏನು?"

"ಸೀನು. ಮಲ್ಲಿಗೆ ವಾಸ್ನೆ ಬಿದ್ರ ಸಾಕು, ಒಂದಾದ್ಮ್ಯಾಲ ಒಂದು. ಮದ್ವೆ ದಿನ ಅಸೆಮಣೆ ಮ್ಯಾಲ ಸೀನ್ತಾ ಇರ್ನಿಲ್ವ?"

"ಶೀತ ಆಗಿತ್ತು ಅಲ್ವ ಅವತ್ತು."

"ಶೀತ ಅಂತ ನೀನ್ ಅನ್ಕಂಡೆ. ಮಲ್ಲಿಗೆ ಆರ ತಗುದ್ರು, ಸೀನು ನಿಂತ್ಕತು. ಆವತ್ತಿಂದ ನಾನು ಮುಡ್ದೇ ಇಲ್ಲ. ನಿಮ್ಮನೇಗ್ ಬಂದ್ರ ಆಟೋದಲ್ಲೇ ಕೂರ್ತಿದ್ರಲ್ಲ, ಅದ್ಕೇಯ. ಇತ್ತಲ ಗಾಳಿ ಒಳಿಕ್ ಬತ್ತದ ಅಂತ."

ನಾನು ಹಬ್ಬ ಹಬ್ಬಕ್ಕೂ ಕಂಡಕ್ಟರ್ ಕೈಯಲ್ಲಿ ಬಾಳೆಲೆ ಸುತ್ತಿ ಕಳಿಸಿದ ಹೂವು ಏನಾಯ್ತು ಅಂತ ಕೇಳಿದೆ.

"ಪಕ್ಕದ ಮನೇರ್ಗೆ ಕೊಡ್ತಿದ್ದೆ. ನಿಂಗೆ ಅಂದ್ರ ಬೇಜಾರ್ ಮಾಡ್ಕತೀಯ, ನಿನ್ ಕಸುಬು ಅದು ಅಂತ ಅವ್ರೇ ಬ್ಯಾಡ ಅಂದಿದ್ರು." ಮಿಷನ್ನಿನ ಮೇಲಿದ್ದ ಬಟ್ಟೆ ಸರಿ ಮಾಡಿದಳು. "ನೀನು ಮಲ್ಲಿಗೆ ಅಂದಾಗ ಅವ್ರ ಮೊಕ ನೋಡ್ದೆ ಕಣವ್ವ. ಮೂಗಿನ್ ತಾವ ಅಷ್ಟ್ ಊವು ಅದ. ಒಂದು ಸೀನೂ ಬರ್ನಿಲ್ವಲ್ಲಾ ಅಂತ..." ಮತ್ತೆ ನಗು ಬಂತು. ಅರ್ಧಕ್ಕೇ ನಿಂತುಹೋಯಿತು. ಆಗಲಾದರೂ ಅಳ್ತಾಳೆ ಅಂತ ಕಾದೆ. ಅಳಲಿಲ್ಲ.

ಮೊಮ್ಮಗಳು ಅತ್ತಳು. ಆ ಮನೆಯಲ್ಲಿ ಅವತ್ತು ಸತ್ತವನಿಗೆ ಅಂತ ಬಂದದ್ದು ನನ್ನ ಮಗಳ ನಗು ಒಂದೇ ಅಂತ ನನಗೆ ಈಗ ಅನ್ನಿಸ್ತದೆ. ಮಿಕ್ಕವರು ಅತ್ತದ್ದು ನಾನು ಹೇಳಿದ ಸುಳ್ಳಿಗೆ. ಆದರೆ ಇದನ್ನು ಯಾರ ಹತ್ತಿರ ಹೇಳೋದು? ಹೇಳಿದ್ದೂ ಆಯ್ತು. ಏನಾಯ್ತು ಅಂತ ಕೇಳಿ.

ತಿಥಿ ದಿನ ಊಟ ಮುಗಿದು ನೆಂಟರು ಎಲೆಯಡಿಕೆ ಹಾಕಿಕೊಂಡು ಕೂತಿದ್ದಾಗ ಅಳಿಯನ ಅಣ್ಣ ಗಂಟಲು ಸರಿಮಾಡಿಕೊಂಡ. "ಅತ್ತೆ, ಇವಳನ್ನ ಒಂದಷ್ಟು ದಿನ ನಿಮ್ ಜೊತೇಲಿ ಕರ್ಕಂಡೋಗಿ. ಇಲ್ಲಿ ಜನ ಒಂದೊಂದು ಆಡ್ತಾವ್ರೆ" ಅಂದ. ಒಂದಷ್ಟು ದಿನ ಅಂದರೆ ಎಷ್ಟು ದಿನ ಅಂತ ಅಲ್ಲಿ ಕೂತವರಿಗೆಲ್ಲ ಗೊತ್ತಿತ್ತು.

ಮೊಮ್ಮಗಳು ಎದ್ದು ನಿಂತಳು. ಓದಿದವನು ಅವನು, ಓದಿದವರ ಮಾತಲ್ಲಿ ಹೇಳಿದರೆ ಕೇಳಿಯಾನು ಅಂದುಕೊಂಡಳೋ ಏನೋ. "ಮಾವ, ಅತ್ತೆ ಬೇಕಂತ ನಕ್ಕದ್ದಲ್ಲ. ಅಜ್ಜಿ ಪ್ರೊವೋಕ್ ಮಾಡ್ತು, ಅದ್ಕೆ ಅಂಗಾಯ್ತು. ಪ್ರೊವೋಕ್ ಮಾಡ್ದಾಗ ಏನ್ ಬರ್ತದ ಅಂತ ಯಾರ್ ಕೈಲೂ ಇರಲ್ಲ."

"ಅಂಗಾರ ಅಜ್ಜಿ ಮಾಡಿದ್ದು ಅನ್ನು," ಅಂದ ಅವನು. "ಅಜ್ಜೀನೇ ಇಟ್ಕಳ್ಲಿ."

"ಏನಾರ ಮಾಡಿ ಅಂತ ನನ್ನ ಕೇಳ್ದೋನು ನೀನೇ ಅಲ್ವೇನಪ್ಪ?" ಅಂದೆ.

"ಅಳಸಿ ಅಂತ ಕೇಳ್ದೆ ಅತ್ತೆ. ನಗಸಿ ಅಂತ ಕೇಳುದ್ನ?"

ಕೂತವರಲ್ಲಿ ಯಾರೋ ಕಿಸಕ್ಕೆಂದರು. ಅವನು ಹೇಳಿದ್ದು ಸುಳ್ಳಲ್ಲ. ನಾನು ಸೀನಿನ ವಿಷಯ ಎತ್ತಿದೆ. ಮದುವೆ ದಿನದ್ದು, ಆಟೋದಲ್ಲಿ ಕೂರ್ತಿದ್ದದ್ದು, ಗಲ್ಲದ ತನಕ ಬಂದ ಹೂವು, ಎಲ್ಲ ಹೇಳಿದೆ. ಹೇಳ್ತಾ ಹೇಳ್ತಾ ನನಗೇ ಕತೆ ಕಟ್ಟಿದ ಹಾಗೆ ಕೇಳಿಸಿತು. ಸಾವಿನ ಮನೆಯಲ್ಲಿ ಇಲ್ಲದ್ದನ್ನು ಇದೆ ಅಂತ ಹೇಳೋದೇ ನನ್ನ ಕೆಲಸ, ಇದ್ದದ್ದನ್ನು ಹೇಳಿದರೆ ಯಾರು ನಂಬ್ತಾರೆ.

ಬೀಗಿತ್ತಿ ಕೈ ತಿರುವಿದಳು. "ಎತ್ತೋಳ್ಗೆ ಗೊತ್ತಿಲ್ದೇ ಇರೋ ಸೀನಾ ಅದು? ನನ್ ಮಗ ನನ್ ಮುಂದೆ ಒಂದಿನ ಸೀನಿಲ್ಲ."

ಅವಳದೂ ನಿಜವೇ. ಅವಳು ಸಣ್ಣ ವಯಸ್ಸಿಗೇ ಗಂಡನ್ನ ಕಳಕೊಂಡವಳು. ಅವತ್ತಿಂದ ಆ ಮನೆಯೊಳಕ್ಕೆ ಮಲ್ಲಿಗೆ ಬಂದಿಲ್ಲ, ನಾನು ಕಳಿಸಿದ್ದೂ ಪಕ್ಕದ ಮನೆಗೇ ಹೋಯಿತು. ದೇವರಿಗೆ ದಾಸವಾಳ ಕಿತ್ತು ಇಡ್ತಾಳೆ, ಅದಕ್ಕೆ ವಾಸನೆ ಇಲ್ಲ. ಅವನು ಏತಕ್ಕೆ ಸೀನಬೇಕು? ಇದನ್ನೂ ಹೇಳಿದೆ. ಅವಳ ಗಂಡ ಸತ್ತ ಮಾತು ನಾನು ಎತ್ತಿದೆ ಅಂತ ಅದಕ್ಕೊಂದು ಜಗಳವಾಯ್ತು.

ಮಗಳು ಎದ್ದಳು. ಕೋಣೆಗೆ ಹೋಗಿ ಬಟ್ಟೆ ಬ್ಯಾಗಿಗೆ ತುಂಬಿಕೊಂಡಳು. ಮಿಷನ್ನಿನ ಮೇಲೆ ಅರ್ಧ ಹೊಲಿದ ಯಾರದೋ ಬ್ಲೌಸ್ ಇತ್ತು. ಅದನ್ನು ಮಡಿಸಿ ಕಿಟಕಿಯಲ್ಲಿಟ್ಟಳು. "ಮಿಷನ್ನು ಇಲ್ಲೇ ಇರ್ಲಿ, ನಮ್ ತಮ್ಮ ತಂದಿದ್ದು" ಅಂತ ಅಣ್ಣ ಬಾಗಿಲಲ್ಲಿ ನಿಂತು ಹೇಳಿದ. ಅವಳು ಮಿಷನ್ನು ಎತ್ತೋಕೆ ಕೈ ಕೂಡ ಹಾಕಿರಲಿಲ್ಲ.

ಕೊಳ್ಳೇಗಾಲದಲ್ಲಿ ಬಸ್ಸು ಬದಲಾಯಿಸೋವಾಗ ಮೊಮ್ಮಗಳು ನನ್ನ ಕೈ ಹಿಡಿದುಕೊಂಡಳು. "ಅಜ್ಜಿ, ನಿನ್ ಮ್ಯಾಲ ಆಕ್ಬೇಕು ಅಂತ ಅಂಗಂದಿದ್ದಲ್ಲ. ಅತ್ತೆ ಉಳ್ಕತದ ಅನ್ಕಂಡೆ."

"ಗೊತ್ತದ ಬುಡು ಮಗ," ಅಂದೆ. ಕೋಪ ಇರಲಿಲ್ಲ. ಅವಳು ಹಿತ್ತಲಲ್ಲಿ ಹೇಳಿದ್ದೆಲ್ಲ ಅಕ್ಷರಕ್ಕೆ ಅಕ್ಷರ ಆಗಿತ್ತು. ಅರೆಬರೆ ಮಾತು ಅಂದುಕೊಂಡಿದ್ದೆನಲ್ಲ, ಅದು ಪೂರ್ತಿ ಮಾತೇ. ನಾನು ಇಷ್ಟು ವರ್ಷ ಅಳಿಸ್ತೀನಿ ಅಂತ ಮಾಡಿಕೊಂಡು ಬಂದದ್ದು ಅದನ್ನೇ, ಪ್ರತೀ ಸಲ ಅಳುವೇ ಎದ್ದಿತ್ತು ಅಷ್ಟೇ. ಆದರೆ ಇದು ತಿಳಿದು ಏನು ಬಂತು? ಮಾತಿನ ಅರ್ಥ ಗೊತ್ತಾದರೆ ಮನೆ ವಾಪಸ್ ಬರ್ತದಾ?

ಅವಳು ಇಲ್ಲಿಯವರೆಗೂ ಅತ್ತಿಲ್ಲ. ಉಣ್ತಾಳೆ, ಮಲಗ್ತಾಳೆ, ಕೇಳಿದರೆ ಉತ್ತರ ಕೊಡ್ತಾಳೆ. ಬ್ಲೌಸ್ ಹೊಲೀತೀಯಾ, ಮಿಷನ್ನು ತರೋಣ ಅಂದರೆ ಬೇಡ ಅಂತಾಳೆ. ಯಳಂದೂರಿಂದ ಯಾರೂ ಬಂದಿಲ್ಲ, ಬರೋದೂ ಇಲ್ಲ. ಈ ಮನೆ ನನ್ನ ಮಗನದು. ನಾನಿರೋ ತನಕ ಅವಳು ಇಲ್ಲಿರ್ತಾಳೆ. ಆಮೇಲಿನದ್ದು ನಾನು ನೋಡೋಕೆ ಇರೋದಿಲ್ಲ, ಅವಳು ಇರ್ತಾಳೆ. ನನ್ನನ್ನು ಸಾವಿನ ಮನೆಗೆ ಕರೆಯೋದು ನಿಂತಿದೆ. "ಊವಿನಜ್ಜಿ ಬಾಯ್ ಬುಟ್ರ ಎಣವೂ ಎದ್ದು ನಗ್ತದ" ಅಂತ ಹನೂರು ಬಸ್ಸಿನಲ್ಲಿ ಯಾರೋ ಅಂದದ್ದು ನನ್ನ ಕಿವಿಗೇ ಬಿದ್ದಿದೆ. ಅಂದವನ ಮಾತು ಚೆನ್ನಾಗಿತ್ತು ಅಂತ ನನಗೂ ಅನ್ನಿಸಿತು.

ತಿಥಿ ಮುಗಿಸಿಕೊಂಡು ಬಂದ ಮಾರನೇ ದಿನ ಹೊತ್ತಾರೆ ಎಂದಿನಂತೆ ಹಿತ್ತಲಿಗೆ ಹೋಗಿ ಮೊಗ್ಗು ಬಿಡಿಸಿದೆ. ಅಷ್ಟು ದಿನ ಬಿಡಿಸದೆ ಬಿಟ್ಟದ್ದಕ್ಕೆ ಗಿಡದ ಬುಡದಲ್ಲೆಲ್ಲ ಅರಳಿ ಉದುರಿ ಕೊಳೆತಿತ್ತು. ಜಗಲಿ ಮೇಲೆ ಮೊಗ್ಗು ಸುರಿದುಕೊಂಡು, ನಾರು ನೆನೆಸಿ ಕಟ್ಟೋಕೆ ಕೂತೆ. ಮಗಳು ಒಳಗಿಂದ ಬಂದು ಕಂಬದ ಹತ್ತಿರ ನಿಂತಳು. ಆಮೇಲೆ ಕೂತು, ಒಂದು ಹಿಡಿ ಮೊಗ್ಗು ತನ್ನ ಕಡೆ ಎಳಕೊಂಡಳು.

"ನೀನು ಮುಟ್ಬ್ಯಾಡ," ಅಂದೆ. "ಗಂಡ ಸತ್ತು ಇನ್ನೂ ತಿಂಗ್ಳಾಗಿಲ್ಲ. ನೀನು ಕಟ್ಟಿದ್ನ ದ್ಯಾವ್ರಿಗೆ ಅಂತ ಯಾರೂ ತಕಳಲ್ಲ."

ಅವಳಿಗೆ ಕೇಳಿಸಿತು. ಕಟ್ಟೋದು ನಿಲ್ಲಿಸಲಿಲ್ಲ. ಮದುವೆಯಾದಾಗಿನಿಂದ ಮಲ್ಲಿಗೆ ಕಟ್ಟದವಳು, ಗಂಟು ಮರೆತಿರಲಿಲ್ಲ. ನನಗಿಂತ ಒತ್ತಾಗಿ ಕಟ್ಟಿದಳು.

ಬಸ್ಸಿನ ಹೊತ್ತಾಯ್ತು. ಅವಳು ಕಟ್ಟಿದ್ದನ್ನು ಬುಟ್ಟಿಯ ತಳಕ್ಕೆ ಹಾಕಿ, ನಾನು ಕಟ್ಟಿದ್ದನ್ನು ಮೇಲೆ ಸುತ್ತಿ, ಒದ್ದೆ ಬಟ್ಟೆ ಮುಚ್ಚಿಕೊಂಡು ರಸ್ತೆಗೆ ಹೋದೆ. ದಿನಾ ತಗೊಳ್ಳೋ ಹೆಂಗಸೊಬ್ಬಳು ಹತ್ತಿರ ಬಂದು ಬುಟ್ಟಿಯೊಳಗೆ ಬಗ್ಗಿ ನೋಡಿದಳು.

"ನಿನ್ ಮಗಳು ಬಂದವಳಂತಲ್ಲಜ್ಜಿ. ಊವ ಅವ್ಳು ಮುಟ್ಟಿಲ್ಲ ತಾನೇ?"

"ಇಲ್ಲ ಕಣವ್ವ. ಎಲ್ಲಾ ನಾನೇ ಕಟ್ಟಿದ್ದು," ಅಂದೆ. ಮೊಳ ಹಾಕಿ ಕೊಟ್ಟೆ.